ಬಟ್ಟೆ ಒಗೆಯದ ದಿನ

ನಮ್ಮ ಮನೆಯೊಳಗೆ ಹಸಿರು ಬಣ್ಣಕ್ಕೆ ಪ್ರವೇಶವಿರಲಿಲ್ಲ.
ಪರದೆ ನೀಲಿ, ಬಾಗಿಲು ಕಂದು,
ಬಟಾಣಿಯನ್ನು ಕೂಡ ಅಜ್ಜಿ ಮುಚ್ಚಳ ಹಾಕಿಯೇ ಮೇಜಿಗೆ ತರುತ್ತಿದ್ದಳು.
ಚಿಕ್ಕಮ್ಮ ಮೇವಿಸ್ ಒಮ್ಮೆ ಕೊಂಡು ತಂದ ಪಾಚಿಬಣ್ಣದ ಸ್ಕಾರ್ಫು
ಮಾತಿಲ್ಲದೆ ಒಲೆಯೊಳಗೆ ಹೋಯಿತು.
ಗ್ರಿಮ್ಸ್‌ಬಿಯ ಹಡಗುಕಟ್ಟೆಯ ಬೀದಿಗಳಲ್ಲಿ
ಹಸಿರೆಂದರೆ ಮುಳುಗಿದವರ ಬಣ್ಣ.

ಕಟ್ಟಳೆಗಳು ಇನ್ನೂ ಇದ್ದವು.
ಗಂಡಸರು ಕಡಲಿಗೆ ಹೊರಟ ದಿನ ಬಟ್ಟೆ ಒಗೆಯಬಾರದು,
ಒಗೆದರೆ ಅವರನ್ನೇ ನೀರಿಗೆ ಒಗೆದ ಹಾಗೆ.
ಕೈ ಬೀಸಬಾರದು,
ಬೀಸಿದರೆ ಅಲೆ ಅದನ್ನು ಕರೆಯೆಂದು ತಿಳಿದೀತು.
ಹಂದಿಯ ಹೆಸರೆತ್ತಬಾರದು.
ಹೆಂಗಸು ದೋಣಿಯ ಹಲಗೆ ತುಳಿಯಬಾರದು.

ಅಜ್ಜಿ ಡೋರೀನ್ ತುಳಿಯಲಿಲ್ಲ.
ಹಿತ್ತಲ ಬಾಗಿಲ ಕೊಂಡಿಗೆ ಕಟ್ಟಿ ಬಲೆ ಹೆಣೆದಳು
ಮೂವತ್ತೊಂದು ವರ್ಷ. ಕೂಲಿ ಗಂಟಿಗಲ್ಲ, ಬಲೆಗೆ.
ಅವಳ ಕೈಯ ಗಂಟುಗಳು ಐಸ್‌ಲ್ಯಾಂಡಿನವರೆಗೆ ಹೋಗಿಬಂದವು.
ಅವಳು, ಬಸ್ಸಿನಲ್ಲಿ, ಕ್ಲೀಥಾರ್ಪ್ಸ್‌ವರೆಗೆ.

ನನಗೆ ಮೀನುಕಡ್ಡಿ ಕಾರ್ಖಾನೆಯ ರಾತ್ರಿಪಾಳಿ.
ನೀಲಿ ಟೊಪ್ಪಿಗೆ, ಬ್ರೆಡ್ಡಿನ ಪುಡಿ, ಗಡಿಯಾರ.
ಉದ್ಯೋಗ ಕಚೇರಿಯ ಗೋಡೆಯಲ್ಲಿ ಒಂದು ಚೀಟಿ:
‘ಹಸಿರು ಉದ್ಯೋಗ. ಮಹಿಳೆಯರಿಗೂ ಅವಕಾಶ.’
ಆ ‘ಗೂ’ವಿನ ಬಾಲವನ್ನು ಬಹಳ ಹೊತ್ತು ನೋಡಿದೆ.
ಮುಚ್ಚುವ ಬಾಗಿಲ ಸಂದಿಗೆ
ಯಾರೋ ಇಟ್ಟ ಕಾಲಿನ ಹಾಗಿತ್ತು.

ಎತ್ತರ ಕಂಡರೆ ಭಯವೇ, ಎಂದರು. ಇಲ್ಲ ಎಂದೆ.
ಎಷ್ಟು ತೂಕ ಎತ್ತಬಲ್ಲೆ?
ಹೆಪ್ಪುಗಟ್ಟಿದ ಕಾಡ್ ಮೀನಿನ ಪೆಟ್ಟಿಗೆಗಳ ಲೆಕ್ಕ ಕೊಟ್ಟೆ.
ಮಕ್ಕಳು ಗಿಕ್ಕಳು, ಎಂದು ಒಬ್ಬ ಬಾಯಿ ತೆರೆದ.
ಪಕ್ಕದವಳು ಸುಮ್ಮನೆ ಅವನ ಪೆನ್ನನ್ನು ನೋಡಿದಳು. ಮುಚ್ಚಿದ.

ಈಗ ನಾಲ್ಕು ವರ್ಷ. ಐದೂವರೆಗೆ ದೋಣಿ.
ಎರಡು ಗಂಟೆ ಅಲೆಯ ಮೇಲೆ; ಆಮೇಲೆ
ಹಳದಿ ಕಂಬಕ್ಕೆ ದೋಣಿ ಮೂಗೊತ್ತಿ ನಿಂತಾಗ
ಏಣಿಗೆ ಒಂದು ಹೆಜ್ಜೆ. ಅಷ್ಟೇ.
ತಪ್ಪು ಅಲೆಯ ಮೇಲಿಂದ ಮಾತ್ರ ಇಡಬಾರದು.
ಮೇಲೆ, ಗಾಳಿಯಂತ್ರದ ತಲೆಯೊಳಗೆ,
ಎಣ್ಣೆಯ ವಾಸನೆ, ನನ್ನ ಮಣಿಕಟ್ಟಿಗಿಂತ ದಪ್ಪದ ಬೋಲ್ಟು.
ಬಿಗಿಯುತ್ತೇನೆ, ಬಣ್ಣದ ಗೆರೆ ಎಳೆಯುತ್ತೇನೆ, ಮುಂದಿನದು.
ಊರಿನ ಕೆಟಲ್ಲೆಲ್ಲ ನಮ್ಮಿಂದಲೇ ಕುದಿಯೋದು, ಎನ್ನುತ್ತಾನೆ ಓವನ್.
ನನಗೆ ಕೇಳಿಸುವುದು ಬೇರಿಂಗಿನ ಸದ್ದು.

ಕಂಪನಿ ನನ್ನ ಫೋಟೊ ಹನ್ನೊಂದು ಸಲ ತೆಗೆಯಿತು,
ಬಸ್ ನಿಲ್ದಾಣದಲ್ಲಿ ಮೂರಾಳೆತ್ತರ ನಗುತ್ತಿದ್ದೇನೆ.
ಆ ಚಿತ್ರದಲ್ಲಿ ಇಲ್ಲದ್ದು:
ಹದಿನಾರು ಜನರಲ್ಲಿ ನಾವಿಬ್ಬರು, ನಾನು ಮತ್ತು ರಾಸಾ.
ಸೊಂಟಪಟ್ಟಿ ಗಂಡಸಿನ ಅಳತೆಯದು, ತೊಡೆ ಬಾಸುಂಡೆ.
ತೊಂಬತ್ತು ಮೀಟರ್ ಮೇಲೆ ಹೆಂಗಸು ಉಚ್ಚೆ ಹೊಯ್ಯುವುದು ಹೇಗೆಂದು
ಕೈಪಿಡಿ ಬರೆದವನು ಯೋಚಿಸಿರಲಿಲ್ಲ; ನಾವು ಯೋಚಿಸಿದೆವು.
ತಂಡದ ಮುಖ್ಯಸ್ಥನ ಜಾಗ ಎರಡು ಸಲ ಖಾಲಿಯಾಯಿತು,
ಎರಡು ಸಲವೂ ಫೋಟೊ ಇಲ್ಲದವರಿಗೆ ಸಿಕ್ಕಿತು.
ಈ ಸಲ ರಾಸಾ ಅರ್ಜಿ ಹಾಕಿದ್ದಾಳೆ. ನಾನೂ.
ಮತ್ತೆ ಅದೇ ಬಾಲ.

ಅಜ್ಜಿಗೆ ಈಗ ಕಣ್ಣು ಮಂಜು.
ಮೊದಲ ವಾರವೇ ಸೊಂಟಪಟ್ಟಿಯನ್ನು ಮೇಜಿನ ಮೇಲೆ ಹರಡಿಸಿ
ಹೊಲಿಗೆ ಹೊಲಿಗೆಗೂ ಬೆರಳಾಡಿಸಿದಳು.
ಒಂದೆಡೆ ನಿಂತಳು: ಇಲ್ಲಿ ನೂಲು ಬಿಟ್ಟಿದೆ, ವಾಪಸು ಕೊಡು.
ತಪಾಸಣೆಯವನು ಭೂತಗನ್ನಡಿ ಹಿಡಿದು
ಎಷ್ಟೋ ಹೊತ್ತಿನ ಮೇಲೆ ಕಂಡುಕೊಂಡ.
ಯಾರು ಹಿಡಿದದ್ದು ಇದನ್ನು, ಎಂದ.
ಬಲೆಯವಳು, ಎಂದೆ.

ಹಸಿರಿನ ವಿಷಯದಲ್ಲಿ ಅವಳಿನ್ನೂ ಸೋತಿಲ್ಲ.
ನನ್ನ ಜಾಕೆಟ್ಟಿನ ಎದೆಯ ಮೇಲಿನ ಎಲೆಯ ಗುರುತನ್ನು
ಒಳಮಗ್ಗುಲಿಗೆ ಮಡಚಿಯೇ ಇಡುತ್ತಾಳೆ.

ಆದರೆ ಇವತ್ತು ಸೋಮವಾರ, ಬೆಳಗಿನ ನಾಲ್ಕೂವರೆ.
ಬಟ್ಟೆ ಒಣಗಲು ಇಂಥ ಗಾಳಿ ತಿಂಗಳಿಗೊಮ್ಮೆ ಸಿಕ್ಕರೆ ಪುಣ್ಯ.
ಬುಟ್ಟಿ ತುಂಬಿದೆ, ಯಂತ್ರ ಬಾಯಿ ತೆರೆದಿದೆ.
ಅಜ್ಜಿ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ
ಯಾರೂ ಗುಂಡಿ ಒತ್ತದ ಹಾಗೆ.

ಬಾಗಿಲಲ್ಲಿ ತಿರುಗಿ ನೋಡಿದೆ.
ಅವಳ ಎರಡೂ ಕೈ ಏಪ್ರನ್ನಿನ ಜೇಬಿನೊಳಗೆ,
ಬಿಗಿಯಾಗಿ.